ಅಡುಗೆಮನೆ ಬಾಗಿಲಲ್ಲಿ ಸೈಕಲ್ ಕಲಿತವರು

ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬಂದವರೆಲ್ಲ ಅವರ ಒಳ್ಳೆಯತನದ ಮಾತಾಡಿ ಹೋಗುತ್ತಾರೆ. ಒಳ್ಳೆಯವರೇ, ಇಲ್ಲ ಎನ್ನುವುದಿಲ್ಲ. ಆದರೆ ಅವರು ಸೈಕಲ್ ಕಲಿತ ಕಥೆ ಯಾರಿಗೂ ಗೊತ್ತಿಲ್ಲ. ಅದನ್ನು ನಾನೇ ಬರೆಯಬೇಕು.

ಅವರದು ಸೈಕಲ್ ರಿಪೇರಿ ಅಂಗಡಿ. ಬೀದಿಗೆಲ್ಲ ಪಂಕ್ಚರ್ ಮಾವ. ಸೊಟ್ಟಗಾದ ಚಕ್ರ ಅವರ ಕೈಗೆ ಬಂದರೆ ನೆಟ್ಟಗಾಗುತ್ತಿತ್ತು. ಸೈಕಲ್ ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ಚಿಕ್ಕವರಿದ್ದಾಗ ಬಿದ್ದು ಕೈ ಮುರಿದುಕೊಂಡವರು ಮತ್ತೆ ಹತ್ತಲೇ ಇಲ್ಲ. ಗಿರಾಕಿಗೆ, “ನೀವೇ ಒಂದು ರೌಂಡ್ ಹೊಡೆದು ಬನ್ನಿ, ನಿಮ್ಮ ಕಾಲಿಗೆ ಗೊತ್ತಾಗ್ಬೇಕು” ಎನ್ನುತ್ತಿದ್ದರು. ದಾರಿಯಲ್ಲಿ ತಳ್ಳಿಕೊಂಡೇ ಬರುತ್ತಿದ್ದರು. “ಗಾಡಿ ಮೇಲೆ ಎಷ್ಟು ಅಕ್ಕರೆ ನೋಡಿ” ಎಂದು ಜನ ಹೊಗಳುತ್ತಿದ್ದರು. ಇವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಕಟ್ಟಡ ಕೆಡವುತ್ತಾರೆಂದು ಅಂಗಡಿ ಬಿಡಬೇಕಾಯಿತು. ಸೈಕಲ್ ರೇಸಿನವರಿಗೆ ತರಬೇತಿ ಕೊಡುವ ಮೇಷ್ಟ್ರು ಬಂದು, ತಮ್ಮಲ್ಲಿ ರಿಪೇರಿ ಕೆಲಸ ಖಾಲಿ ಇದೆ ಎಂದರು. ಒಂದೇ ಷರತ್ತು. ರಿಪೇರಿ ಮಾಡಿದ ಸೈಕಲನ್ನು ಅಂಗಳದಲ್ಲಿ ಹೊಡೆದು ನೋಡಿಯೇ ಕೊಡಬೇಕು. ಮುಂದಿನ ತಿಂಗಳ ಒಂದನೇ ತಾರೀಕಿಗೆ ಬಂದು ಕೆಲಸ ತೋರಿಸಬೇಕು.

ಇವರು “ಅದಕ್ಕೇನಂತೆ” ಎಂದುಬಿಟ್ಟರು. ಮನೆಗೆ ಬಂದಾಗ ಮುಖ ಸಪ್ಪಗಿತ್ತು.

“ಬರಲ್ಲ ಅಂತ ಹೇಳ್ಬೇಕಿತ್ತು” ಎಂದೆ.

“ಯಾವ ಬಾಯಲ್ಲಿ ಹೇಳ್ಲಿ, ಇವಳೇ?”

ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಬೀದಿಯಲ್ಲಿ ಕಲಿಯಲು ಮರ್ಯಾದೆ ಅಡ್ಡ. ಅದೇ ಮೇಷ್ಟ್ರು ಬೆಲ್ಟ್ ಬದಲಿಸಲು ಕೊಟ್ಟಿದ್ದ, ರೇಸಿನವರು ಒಳಗೇ ಅಭ್ಯಾಸ ಮಾಡುವ ರೋಲರ್ ಮನೆಯಲ್ಲಿತ್ತು. ಕಬ್ಬಿಣದ ಚೌಕಟ್ಟಿನಲ್ಲಿ ಮೂರು ಉರುಳೆ, ಹಿಂದಿನ ಚಕ್ರಕ್ಕೆ ಎರಡು, ಮುಂದಿನದಕ್ಕೆ ಒಂದು. ಮೇಲೆ ಸೈಕಲ್ ಇಟ್ಟು ತುಳಿದರೆ ಉರುಳೆ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇರುತ್ತದೆ. ಆದರೆ ಅದು ಸೈಕಲನ್ನು ಹಿಡಿದುಕೊಳ್ಳುವುದಿಲ್ಲ. ಬೀಳುವವರು ಬೀಳಬಹುದು. ಅದನ್ನು ಅಡುಗೆಮನೆ ಬಾಗಿಲಲ್ಲಿ ಇಟ್ಟರು, ವಾಲಿದರೆ ಬಾಗಿಲ ಚೌಕಟ್ಟು ಹಿಡಿಯಬಹುದೆಂದು.

ಮೊದಲ ದಿನ ಮುಂದಿನ ಚಕ್ರವನ್ನೇ ನೋಡುತ್ತಾ ತುಳಿದು ನನ್ನ ಪಾತ್ರೆಗಳ ಮೇಲೆ ಬಂದು ಬಿದ್ದರು.

“ಕೆಳಗೆ ನೋಡ್ಬೇಡಿ, ನನ್ನ ಮುಖ ನೋಡಿ.”

“ನಿನ್ನ ಮುಖ ನೋಡಿದ್ರೆ ಇನ್ನೂ ಭಯ ಆಗುತ್ತೆ.”

“ಇಷ್ಟು ವರ್ಷ ನೋಡಿ ಬದುಕಿದ್ದೀರಲ್ಲ, ತುಳೀರಿ.”

ನಿಧಾನ ಮಾಡಿದರೆ ಬೀಳುತ್ತಿದ್ದರು. ಜೋರಾಗಿ ತುಳಿದರೆ ಬೀಳುತ್ತಿರಲಿಲ್ಲ. ಉರುಳೆ ಗುಡುಗಿದಂತೆ ಸದ್ದು ಮಾಡುತ್ತಿತ್ತು. ಮೇಲಿನ ಮನೆ ಅಜ್ಜಿ ಇಳಿದು ಬಂದು ಬಾಗಿಲು ಬಡಿದರು.

“ಹಿಟ್ಟಿನ ಗಿರಣಿ ಇಟ್ಟಿದ್ದೀರೇನ್ರೀ?”

“ಹೂಂ ಅಜ್ಜಿ. ಹಿಟ್ಟು ಇನ್ನೂ ಬೀಳ್ತಿಲ್ಲ, ಯಜಮಾನರು ಮಾತ್ರ ಬೀಳ್ತಿದ್ದಾರೆ.”

ಅಜ್ಜಿಗೆ ಅರ್ಥವಾಗಲಿಲ್ಲ. ಒಳಗೆ ಇವರು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದರು.

ತಿಂಗಳು ಮುಗಿಯುವ ಹೊತ್ತಿಗೆ ಕೈ ಬಿಟ್ಟರೂ ಸೈಕಲ್ ಅಲ್ಲಾಡುತ್ತಿರಲಿಲ್ಲ. ಸಾಕೆನಿಸಿದಾಗ ಚೌಕಟ್ಟು ಹಿಡಿದು ಇಳಿಯುತ್ತಿದ್ದರು. ಕಲಿತಾಯಿತು ಎಂದುಕೊಂಡೆವು.

ಒಂದನೇ ತಾರೀಕು ನಾನೂ ಹೋದೆ. ಮೇಷ್ಟ್ರು ಕೆಟ್ಟ ಸೈಕಲ್ ಕೊಟ್ಟರು. ಇವರು ಸರಿಮಾಡಿ, ಗೋಡೆ ಹಿಡಿದು ಹತ್ತಿ ಹೊರಟರು. ದಾರ ಹಿಡಿದು ಗೆರೆ ಎಳೆದಂತೆ ಅಲ್ಲಾಡದೆ ಅಂಗಳ ಸುತ್ತಿದರು. ನನಗೇ ನಂಬಲಾಗಲಿಲ್ಲ.

“ಭೇಷ್! ಸಾಕು ಮಾವ, ನಿಲ್ಸಿ” ಎಂದರು ಮೇಷ್ಟ್ರು.

ಇವರು ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಬಂದರು. ಮತ್ತೊಂದು.

“ಬ್ರೇಕ್ ಹಿಡೀರೀ!” ಎಂದು ಕೂಗಿದೆ.

“ಹಿಡಿದ್ರೆ ಬೀಳ್ತೀನಲ್ಲೇ!”

ಆಗ ನನಗೆ ಹೊಳೆಯಿತು. ನಿಧಾನ ಮಾಡಿ ಕಾಲು ನೆಲಕ್ಕೆ ಊರುವುದನ್ನು ಅವರು ಕಲಿತೇ ಇರಲಿಲ್ಲ. ಇವರು ಸುತ್ತಲೂ ಬಾಗಿಲು ಹುಡುಕುತ್ತಿದ್ದರು. ಉಗ್ರಾಣದ ಬಾಗಿಲು ತೆರೆದಿತ್ತು. ನೇರ ಅಲ್ಲಿಗೆ ನುಗ್ಗಿ ಎರಡೂ ಕೈಯಲ್ಲಿ ಚೌಕಟ್ಟು ಹಿಡಿದರು. ಸೈಕಲ್ ತಾನೊಂದೇ ಒಳಗೆ ಹೋಗಿ ಟೈರಿನ ರಾಶಿಗೆ ಗುದ್ದಿತು. ಇವರು ಹೊಸ್ತಿಲಲ್ಲಿ ನಿಂತಿದ್ದರು, ಮನೆಗೆ ಬಂದ ನೆಂಟರಂತೆ.

ಮೇಷ್ಟ್ರು ಹತ್ತಿರ ಬಂದರು. “ರೋಲರ್ ಮೇಲೆ ಕಲಿತ್ರಾ?”

“ಹೌದು.”

“ಮುಂಚೆ?”

“ಬರ್ತಿರ್ಲಿಲ್ಲ ಮೇಷ್ಟ್ರೇ. ಸುಳ್ಳು ಹೇಳಲ್ಲ.”

ಮೇಷ್ಟ್ರು ಸೈಕಲ್ ಎತ್ತಿ ತಂದು ಚಕ್ರ ತಿರುಗಿಸಿ ನೋಡಿದರು.

“ಆ ರೋಲರ್ ಹತ್ತಕ್ಕೆ ನಮ್ಮ ರೇಸಿನೋರೇ ಅಳ್ತಾರೆ. ನೀವು ಹತ್ತಿದ್ದೀರಿ. ಇಳಿಯೋದು ನಾನು ಹೇಳ್ಕೊಡ್ತೀನಿ. ನಾಳೆ ಬನ್ನಿ.”

ಕೊನೆಯವರೆಗೂ ಅಲ್ಲೇ ದುಡಿದರು. ಕೆಲಸಕ್ಕೆ ಸೇರಿದ ವಾರವೇ ಒಂದು ಸಂಜೆ ನನ್ನನ್ನು ಹಿಂದೆ ಕೂರಿಸಿಕೊಂಡು ಸಂತೆಯಿಂದ ಹೊರಟರು. ಬೆನ್ನಿಗೆ ಮುಖ ತಾಗುತ್ತಿತ್ತು. ಬೆವರು, ಎಣ್ಣೆ. ಆ ವಾಸನೆ ಈಗ ಎಲ್ಲಿ ಹುಡುಕಲಿ? ನಮ್ಮ ಮನೆ ಬಂತು, ದಾಟಿಯೂ ಹೋಯಿತು.

“ರೀ, ಮನೆ! ಇನ್ನೂ ನಿಲ್ಸೋಕೆ ಬರಲ್ವಾ?”

“ಬರುತ್ತೆ. ಸುಮ್ನೆ ಕೂತ್ಕೋ” ಎಂದರು.

ಕೂತೆ.