ನೋಡದ ದಾಳ

ಸುಜಾತಾಳ ಗೆಲುವನ್ನು ನಾನು ಕಸಿದುಕೊಂಡೆ — ಸತ್ಯ ಹೇಳುತ್ತಿದ್ದೇನೆ ಎಂಬ ಸೋಗಿನಲ್ಲಿ. ಅದು ಬರೀ ಆಟದ ಗೆಲುವು, ನಿಜ. ಆಟವೆಂದು ಹಗುರ ಮಾಡಿಕೊಳ್ಳಲು ಇಷ್ಟು ವರ್ಷ ಹೆಣಗಿದ್ದೇನೆ; ಆಗಿಲ್ಲ.

ಎಂ.ಎ. ಮುಗಿಸಿ ಗೋಕಾಕಕ್ಕೆ ಮರಳಿದ ಹೊಸದು. ಭಾನುವಾರ ಮಧ್ಯಾಹ್ನ ಕಲ್ಲೋಳಿಯಲ್ಲಿ, ಗೆಳೆಯ ಮಹಾಂತೇಶನ ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ನಾವು ಮೂವರು ಕತೆಯಾಟ ಆಡುತ್ತಿದ್ದೆವು. ಕತೆ ನಡೆಸುವವನು ನಾನು. ಅದರೊಳಗಿನ ಪಾತ್ರಗಳಾಗಿ ಮಾತಾಡುವವರು ಮಹಾಂತೇಶ ಮತ್ತು ನನ್ನ ಸಹಪಾಠಿ, ಮೇಲವಂಕಿಯ ಸುಜಾತಾ. ನನ್ನ ಮುಂದೆ ಪರದೆಯಾಗಿ ಒಂದು ಹಳೆಯ ಲಗ್ನಪತ್ರಿಕೆ ನಿಂತಿರುತ್ತಿತ್ತು. ಅದರ ಹಿಂದೆ ನಾನು ಎಸೆದ ದಾಳ ಅವರಿಗೆ ಕಾಣುತ್ತಿರಲಿಲ್ಲ. ಆಟ ಮುಗಿದು ಚಹಾ ಬಂದಾಗ ‘ಪರದೆ ತೆಗಿ’ ಅನ್ನುವರು. ಆಗ ಹಿಂದೆ ನಡೆದದ್ದನ್ನೆಲ್ಲ ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ನಮ್ಮ ಕರಾರು.

ಆ ದಿನದ ಕತೆಯಲ್ಲಿ, ಕಾಲುವೆಯ ಕೊನೆಯ ಊರಿಗೆ ನೀರು ಬಿಡದ ಒಬ್ಬ ಕಾವಲುಗಾರನಿದ್ದ. ಅವನನ್ನು ಒಪ್ಪಿಸಬೇಕಾದವಳು ಸುಜಾತಾ. ಅವಳು ಆಡಿದ ಮಾತು ನನಗೆ ಪೂರ್ತಿ ನೆನಪಿಲ್ಲ — ಅಥವಾ ನೆನೆದು ನೆನೆದು ನಾನೇ ತಿದ್ದಿಬಿಟ್ಟಿದ್ದೇನೆ. ಆಟದ ನಿಯಮದಂತೆ, ದಾಳ ನಾಲ್ಕು ದಾಟಿದರೆ ಅವನು ಒಪ್ಪಬಾರದು. ಎಸೆದೆ. ‘ತೂಬು ತೆರೆಯಿತು’ ಎಂದೆ. ಅವಳು ಚಾಪೆ ಬಡಿದು ನಕ್ಕಳು.

ಚಹಾ ಬಂತು. ಮಹಾಂತೇಶ ಕೆಣಕಿದ: “ಏನಪಾ ಪಂಡಿತಾ, ಆಕಿ ಮುಂದ ಬಾಯಿ ಬಂದ್ ಆತಲ್ಲ ನಿಂದು? ತಗಿ ಪರದೆ.”

ಚುಚ್ಚಿತು. ಅಷ್ಟೇ ಸಾಕಾಯಿತು.

“ಖರೆ ಹೇಳ್ಲೇನು? ದಾಳ ಐದು ಬಿದ್ದಿತ್ತು. ಆ ನೀರು ಆಕಿ ಗೆದ್ದದ್ದಲ್ಲ, ನಾ ಕೊಟ್ಟದ್ದು.”

ಕೊಟ್ಟದ್ದು. ವಿಶ್ವವಿದ್ಯಾಲಯದಲ್ಲಿ ಅವಳ ಸೀಟಿನ ಬಗ್ಗೆ ಕೆಲವರು ಅನ್ನುತ್ತಿದ್ದ ಶಬ್ದ ಅದೇ. ಯಾವ ಜಾತಿಯವಳು ಎಂದು ತಿಳಿದ ದಿನದಿಂದ, ಅವಳ ಅಂಕಗಳನ್ನು ಕೇಳದೆಯೇ ಅನ್ನುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅದನ್ನು ನನಗೆ ಹೇಳಿದ್ದಳು. ಗೊತ್ತಿದ್ದೂ ಆ ಶಬ್ದ ಬಾಯಿಗೆ ಬಂತೋ — ಗೊತ್ತಿದ್ದರಿಂದಲೇ ಬಂತೋ...

ಅವಳು ಕಪ್ಪು ಕೆಳಗಿಟ್ಟಳು. “ನೀನೂ ಅದನ್ನ ಅಂದೇನು?”

ಮತ್ತೆ ಆಟಕ್ಕೆ ಬರಲಿಲ್ಲ. ಈಗ ಹುಕ್ಕೇರಿಯಲ್ಲಿ ಕಾಲೇಜು ಉಪನ್ಯಾಸಕಿ. ಈಚೆಗೆ ಮೂಡಲಗಿಯ ಒಂದು ಮದುವೆಯಲ್ಲಿ ಎದುರಾದಾಗ “ಆರಾಮ ಇದ್ದೀರ್ರಿ?” ಎಂದಳು. ಒಂದು ಕಾಲಕ್ಕೆ ನನ್ನನ್ನು ‘ಲೇ’ ಅನ್ನುತ್ತಿದ್ದವಳು. ಆ ‘ರಿ’ಯಲ್ಲಿ ಸಿಟ್ಟಿರಲಿಲ್ಲ, ನಾನು ಪರಕೀಯನಾಗಿದ್ದೆ, ಅಷ್ಟೆ.

ಇನ್ನೂ ಹೇಳದೆ ಉಳಿದದ್ದಿದೆ. ದಾಳ ಐದು ಬಿದ್ದಿತ್ತೇ? ಎಲ್ಲರ ನೆನಪನ್ನೂ ಪ್ರಶ್ನಿಸುತ್ತ ಬಂದವನು ನಾನು. ನನ್ನದನ್ನು ಮಾತ್ರ ಕೇಳಿರಲಿಲ್ಲ. ಮದುವೆಯಿಂದ ಬಂದ ಮೇಲೆ ಕೇಳಿಕೊಂಡೆ. ದಾಳ ಪರದೆಗೆ ತಾಗಿದ ಸದ್ದು ನೆನಪಿದೆ. ಉತ್ತರಕ್ಕೆ ಕಾದಿದ್ದ ಅವಳ ಮುಖ ನೆನಪಿದೆ. ದಾಳವನ್ನು ಮುಷ್ಟಿಗೆ ಎತ್ತಿಕೊಂಡದ್ದು... ಅಂಕಿ ಮಾತ್ರ ಇಲ್ಲ. ಎಲ್ಲೂ ಇಲ್ಲ. ನಾನು ನೋಡಿಯೇ ಇರಲಿಲ್ಲ. ಅವಳ ಮಾತು ಕೇಳಿ, ದಾಳ ಮರೆತು, ತೂಬು ತೆರೆಯಿತು ಎಂದುಬಿಟ್ಟಿದ್ದೆ. ಐದು ಹುಟ್ಟಿದ್ದು ಚಹಾದ ಹೊತ್ತಿಗೆ, ನನ್ನ ಬಾಯಲ್ಲಿ.

ಈ ವಾರ ಹುಕ್ಕೇರಿಗೆ ಹೋಗುತ್ತೇನೆ. ‘ಹಾಗಾದರೆ ಗೆದ್ದವಳು ನೀನೇ’ ಎನ್ನಲಾರೆ. ಗೆಲುವು ಹಂಚುವ ಜಾಗದಲ್ಲಿ ಮತ್ತೆ ನಾನೇ ಕೂತಂತಾಗುತ್ತದೆ. ದಾಳ ನೋಡಿರಲಿಲ್ಲ, ಸುಳ್ಳು ಹೇಳಿದೆ — ಇಷ್ಟೇ. ಒಳಗೆ ಬಾ ಎನ್ನದಿದ್ದರೆ, ಬಾಗಿಲಲ್ಲೇ ನಿಂತು ಹೇಳಿ ಬರುತ್ತೇನೆ.