ಬಂದವರ ಕಲ್ಲಿಗೊಂದು ಮರ

ಸಮಾಧಿಕಲ್ಲು ಕೆತ್ತುವ ಈ ಮನುಷ್ಯನನ್ನು ಬೀದಿಯವರೆಲ್ಲ ‘ಚಕ್ರ’ ಎಂದೇ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು, ಕೂತಲ್ಲಿ ಕೂರುವ ಪೈಕಿಯಲ್ಲ. ಇಂಥವನಿಗೆ ಅಲ್ಲಾಡದ ಕಲ್ಲಿನ ಕಸುಬು ಕೊಟ್ಟ ದೇವರಿಗೆ ತಮಾಷೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇನೋ. ಆದರೆ ಆ ದಿನದ ಚಡಪಡಿಕೆಯೇ ಬೇರೆ. ಮರುದಿನ ಬೆಳಿಗ್ಗೆ ನಿಲ್ಲಿಸಬೇಕಾದ ಕಲ್ಲು ಅಂಗಡಿಯ ನಡುವೆ ಮಲಗಿತ್ತು. ಅದು ಅವನ ಮಲತಂದೆಯದು.

ಮಲತಂದೆ ಬೀಗ ರಿಪೇರಿಯವರು. ಎಲ್ಲಿಂದಲೋ ಬಂದು, ಗಂಡನನ್ನು ಕಳೆದುಕೊಂಡ ಹೆಂಗಸನ್ನು ಮದುವೆಯಾಗಿ ಈ ಮನೆಯಲ್ಲಿ ನೆಲೆನಿಂತವರು. ಹುಡುಗ ಚಕ್ರ ಅವರನ್ನು ಅಪ್ಪ ಎನ್ನಲಿಲ್ಲ. ಅಮ್ಮ ಗಂಡನನ್ನು ‘ಇವರೇ’ ಎಂದು ಕೂಗಿದರೆ ಇವನೂ ‘ಇವರೇ’ ಎಂದು ಕೂಗಿದ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ಇಬ್ಬರಿಗೂ ಓಗೊಟ್ಟರು. ಚಕ್ರನಿಗೆ ಮೀಸೆ ಬಂದು, ಆ ಮೀಸೆ ನರೆತರೂ ಪದ ಬದಲಾಗಲಿಲ್ಲ. ಬರೀ ಹಟ, ಮತ್ತೇನಲ್ಲ.

ಆ ಬೀದಿಯ ಯೆಹೂದಿ ಜನ ಓದುವ ಹೀಬ್ರೂ ಶಾಸ್ತ್ರದಲ್ಲಿ ನೀತಿವಂತನನ್ನು ಮರಕ್ಕೆ ಹೋಲಿಸಿದೆ. ಖರ್ಜೂರದಂತೆ ಫಲ ಕೊಡುವವನು, ದೇವದಾರಿನಂತೆ ನೆಟ್ಟಗೆ ಬೆಳೆಯುವವನು, ನೀರಿನ ಪಕ್ಕದಲ್ಲಿ ಎಲೆ ಬಾಡದೆ ನಿಂತವನು. ಅದಕ್ಕೇ ಒಳ್ಳೆಯವರ ಕಲ್ಲಿನ ಮೇಲೆ ಮರ ಕೆತ್ತುವ ರೂಢಿ. ಮನೆಯವರ ಕಾಟ ತಾಳಲಾರದೆ ಚಕ್ರ ಎಷ್ಟೋ ಜಿಪುಣರ ಕಲ್ಲಿಗೂ ತುಂಬು ಗೊನೆಯ ಖರ್ಜೂರ ಕೆತ್ತಿಕೊಟ್ಟಿದ್ದ. ಈ ಕಲ್ಲಿಗೂ ಮರ ಕೆತ್ತಿ ಆಗಿತ್ತು. ತಕರಾರು ಇದ್ದದ್ದು ಹೆಸರಿನ ಮೇಲಿನ ಖಾಲಿ ಜಾಗದ್ದು.

“ಹೆಸರಿನ ಮೇಲೆ ಅಪ್ಪ ಅಂತ ಹಾಕೋ,” ಎಂದಳು ಅಮ್ಮ, ಬಾಗಿಲಲ್ಲಿ ನಿಂತು.

“ಜಾಗ ಇಲ್ಲಮ್ಮ.”

“ಇಷ್ಟಗಲ ಕಲ್ಲಿದೆ! ಜಾಗ ಕಲ್ಲಲ್ಲಿ ಇಲ್ವೋ, ನಿನ್ನಲ್ಲಿ ಇಲ್ವೋ?”

ಚಕ್ರನಿಗೆ ರೇಗಿತು. ರೇಗಿದಾಗ ಉಳಿ ಹಿಡಿಯಬಾರದೆಂದು ಗೊತ್ತಿದ್ದೂ ಹಿಡಿದ. ಒಂದೇ ಏಟಿಗೆ ಮರದ ಬುಡದಲ್ಲಿ ಅಂಗೈಯಗಲದ ಚಕ್ಕೆ ಎದ್ದುಹೋಯಿತು. ಮರ ನಿಂತಿದ್ದ ನೆಲವೇ ಮಾಯ.

“ಸತ್ತ ಮೇಲೂ ಅವರಿಗೆ ಇಲ್ಲಿ ನೆಲ ಕೊಡಲಿಲ್ಲ ನೀನು,” ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ಅವನು ಬೀದಿಗೆ ಹೋದ, ಬಂದ, ಮತ್ತೆ ಹೋದ. ಅಂಟು ಹಾಕಿ ಮುಚ್ಚೋಣವೆಂದು ಡ್ರಾಯರ್ ತಡಕಿದಾಗ ಮಲತಂದೆಯ ಬೀಗ ತೆರೆಯುವ ಕೊಕ್ಕೆ ಕೈಗೆ ಸಿಕ್ಕಿತು. ಚಿಕ್ಕಂದಿನಲ್ಲಿ ಒಮ್ಮೆ ಅವನು ಮುನಿಸಿಕೊಂಡು ಕೋಣೆಗೆ ಒಳಗಿನಿಂದ ಬೀಗ ಹಾಕಿಕೊಂಡಿದ್ದ. ಊರಿನ ಯಾವ ಬೀಗವನ್ನೂ ಕಣ್ಣು ಮುಚ್ಚಿ ತೆಗೆಯುತ್ತಿದ್ದವರು ಅಂದು ಕೊಕ್ಕೆಯನ್ನು ಮುಟ್ಟಲಿಲ್ಲ. “ಅವನೇ ತೆಗೀಲಿ ಬಿಡು,” ಎಂದು ಊಟ ಬಿಟ್ಟು ಬಾಗಿಲ ಹೊರಗೆ ಕೂತರು. ಇವನು ಬಾಗಿಲು ತೆಗೆದ. ತೆಗೆದು, “ದಾರಿ ಬಿಡಿ, ಇವರೇ,” ಎಂದ. ಈಗ ಅದು ನೆನಪಾಗಿ ಅಂಟು ಹುಡುಕುವುದನ್ನು ಬಿಟ್ಟ.

ಅಷ್ಟರಲ್ಲಿ ಪ್ರಾರ್ಥನಾಮಂದಿರದಲ್ಲಿ ಶಾಸ್ತ್ರ ಓದುವ ಅಜ್ಜ ಬಂದರು. ಕಲ್ಲು ನಿಲ್ಲಿಸುವ ಮುಂಚೆ ಅಕ್ಷರ ಸರಿಯಿದೆಯೇ ಎಂದು ನೋಡುವುದು ಅವರ ಕೆಲಸ.

“ಇದೇನಯ್ಯಾ, ಮರ ಬುಡಸಮೇತ ಎದ್ದು ಬಂದ ಹಾಗಿದೆ?”

“ಕೈ ತಪ್ತು ಅಜ್ಜ. ಬೇರೆ ಕಲ್ಲಿಗೆ ಟೈಮಿಲ್ಲ.”

ಅಜ್ಜ ಕನ್ನಡಕ ಏರಿಸಿದರು. “ನೀರಿನ ಪಕ್ಕದ ಮರ ಅಂತ ಓದ್ತೀವಲ್ಲ, ಮೂಲದಲ್ಲಿರೋ ಪದಕ್ಕೆ ಬರೀ ನೆಟ್ಟಿದ್ದು ಅಂತಲ್ಲ, ಕಿತ್ತು ತಂದು ನೆಟ್ಟಿದ್ದು ಅಂತ ಅರ್ಥ ಹೇಳ್ತಿದ್ರು ನಮ್ಮ ಹಿರಿಯರು. ಅಲ್ಲೇ ಮೊಳೆತ ಮರ ಅಲ್ಲ ಅದು. ನಾಟಿ ಮಾಡಿದ್ದು.”

“ಅಂದ್ರೆ, ಬೇರೆ ಕಡೆಯಿಂದ ಬಂದಿದ್ದಾ?”

“ಬಂದಿದ್ದು. ಬಂದು ಬೇರು ಬಿಟ್ಟಿದ್ದು.”

ಅಜ್ಜ ಹೋದ ಮೇಲೆ ಚಕ್ರ ಕಲ್ಲಿನ ಮುಂದೆ ಕೂತ. ಕೂತವನು ಏಳಲಿಲ್ಲ. ಚಕ್ಕೆ ಎದ್ದ ಹಳ್ಳದ ಒಳಗೇ ಬೇರುಗಳನ್ನು ಕೆತ್ತಿದ, ಕಿತ್ತು ತಂದ ಗಿಡಕ್ಕೆ ಅಂಟಿರುವಂಥ ಮಣ್ಣಿನ ಹೆಂಟೆಯನ್ನೂ ಕೆತ್ತಿದ. ಆಮೇಲೆ ಹೆಸರಿನ ಮೇಲಿನ ಜಾಗಕ್ಕೆ ಬಂದ. ಎರಡೇ ಅಕ್ಷರ. ಒತ್ತಕ್ಷರ ಒಂಚೂರು ವಾರೆಯಾಯಿತು.

ಪುಡಿಯನ್ನು ಊದಿ, ಕೆತ್ತಿದ್ದನ್ನು ಬಾಯಿಬಿಟ್ಟು ಓದಿದ. “ಅಪ್ಪಾ.” ಇಷ್ಟು ವರ್ಷದಲ್ಲಿ ಅದೇ ಮೊದಲು. ಓಗೊಡುವವರು ಇರಲಿಲ್ಲ.

ಒಳಗಿನಿಂದ ಅಮ್ಮ ಕೇಳಿದಳು: “ಯಾರನ್ನೋ ಕರೆದಿದ್ದು?”

“ಇವರನ್ನ, ಅಮ್ಮ.”