ಚೀಲ ಕೊಡವಿ ಪೇಟೆ ನೋಡುವ ಹಜರತಬೀ

ಕಾರಟಗಿಯ ರೈಸ್‌ಮಿಲ್ಲುಗಳ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಜರತಬೀ ಖಾಲಿ ಚೀಲವೊಂದರ ಒಳಮಗ್ಗಲನ್ನು ಹೊರಗೆ ಮಾಡಿ, ಎರಡು ಸಲ ಕೊಡವಿ, ನೆಲಕ್ಕೆ ಹಾಸಿದ ಬಿಳಿ ಬಟ್ಟೆಯತ್ತ ಬಗ್ಗುತ್ತಾರೆ. ಬಿದ್ದದ್ದು ಬರೀ ಧೂಳು.

"ಏನಂತೈತಿ ನಿನ್ನ ಪಂಚಾಂಗ?" ದಬ್ಬಣಕ್ಕೆ ದಾರ ಪೋಣಿಸುತ್ತಿರುವ ಯಮನೂರಮ್ಮ ಕಾಲೆಳೆಯುತ್ತಾರೆ.

"ತಡಿಯವಾ, ಒಂದ ಮನಿ ನೋಡಿ ಹೆಣ್ಣು ಗೊತ್ತು ಮಾಡ್ತಾರೇನು? ಹತ್ತು ಕೊಡವೋಣು."

ಐವತ್ತೆಂಟರ ಹಜರತಬೀ ಮೂವತ್ತು ವರ್ಷಗಳಿಂದ ಹರಿದ ಚೀಲ ಹೊಲಿಯುತ್ತಾರೆ, ದಿನಕ್ಕೆ ಎಂಬತ್ತು. ಜೊತೆಯ ಏಳು ಹೆಂಗಸರೊಂದಿಗೆ ಎರಡು ವರ್ಷದಲ್ಲಿ ಕೂಡಿಟ್ಟದ್ದು ನಲವತ್ತು ಸಾವಿರ. ಸುಗ್ಗಿಗೆ ಮುಂಚೆ ಹಳೆ ಚೀಲ ಕೊಂಡು, ಹೊಲಿದು, ಮಿಲ್ಲಿಗೆ ಮಾರಿದರೆ ಕೂಲಿ ತಪ್ಪಿ ಸ್ವಂತ ವ್ಯಾಪಾರವಾದೀತು. ಕೊಳ್ಳಬೇಕೋ ಬೇಡವೋ ಇವತ್ತೇ ಹೇಳಬೇಕು. ಓಣಿಯ ಬಾಯಿಗೆ ನಿಂತಿರುವ ಹಳೆ ಚೀಲದ ಲಾರಿ ಮಧ್ಯಾಹ್ನ ಗಂಗಾವತಿಗೆ ಹೊರಟುಬಿಡುತ್ತದೆ. ಈಗ ಕೊಡವುತ್ತಿರುವುದು ಅದರಿಂದಲೇ ಇಳಿಸಿಕೊಂಡ ಹತ್ತು ಚೀಲ.

ಪೇಟೆಯ ಬಾಯಿ ಒಂದಾಗಿಲ್ಲ. ಡೀಸೆಲ್ ಏರೀತು ಎನ್ನುವವರಿದ್ದಾರೆ, ರಫ್ತು ನಿಂತೀತು ಎನ್ನುವವರಿದ್ದಾರೆ. ಎಲ್ಲೋ ನಡೆದ ಯುದ್ಧ ಇಲ್ಲಿನ ಚಹಾದಂಗಡಿವರೆಗೂ ಬಂದಿದೆ. ಹಜರತಬೀ ನಂಬುವುದು ನುಸಿಯನ್ನು. ಚೀಲದಿಂದ ನುಸಿ ಉದುರಿದರೆ ಅಕ್ಕಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತಿತ್ತು ಎಂದೇ ಅರ್ಥ. ಅಕ್ಕಿ ಕೂತರೆ ಮಿಲ್ಲು ಮಂದ, ಮಿಲ್ಲು ಮಂದವಾದರೆ ಚೀಲ ಕೇಳುವವರೇ ಇಲ್ಲ.

"ಹೋದ ವರ್ಷ ಟಿವಿ ಮಾತು ಕೇಳಿ ಕೆಟ್ಟೆನ್ರಿ," ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ರಫ್ತು ಭಾಳ ಆಗತೈತಿ ಅಂದ್ರು. ಆಸೆಬಿದ್ದು ನನ್ನ ಸ್ವಂತ ರೊಕ್ಕದಾಗ ಆರುನೂರು ಚೀಲ ತಂದೆ, ಒಂದನ್ನೂ ಕೊಡವಲಿಲ್ಲ. ಮನಿಗೆ ಬಂದು ಬಿಚ್ಚಿದ್ರ ಬರೇ ನುಸಿ. ಅವು ನನ್ನ ನೋಡಿ ನಕ್ಕಂಗಾತು." ಕೊಳ್ಳುವವರಿಲ್ಲದೆ ಆ ಚೀಲಗಳು ಮಳೆಗೆ ತೋಯ್ದು, ಕೊನೆಗೆ ಅರ್ಧ ಬೆಲೆಗೆ ಹೋದವು. ಅಂದಿನಿಂದ ಈ ಬಿಳಿ ಬಟ್ಟೆ.

ಮಿಲ್ಲಿನ ಗುಮಾಸ್ತ ಶಬ್ಬೀರಸಾಬರೂ ಈಗ ಇತ್ತ ಹಣಿಕಿ ಹಾಕುತ್ತಾರೆ. "ಸಾವ್ಕಾರ್ರು ಮೊಬೈಲ್ ನೋಡ್ತಾರ. ನಾ ನಮ್ಮ ಹಜರತಬೀ ಆಪಾನ ಬಟ್ಟಿ ನೋಡ್ತೀನ್ರಿ."

ಹತ್ತನೆಯ ಚೀಲ ಕೊಡವಿದ್ದಾಯಿತು. ಎಂಟು ಸ್ವಚ್ಛ, ಎರಡರಲ್ಲಿ ನುಸಿ. ಏಳು ದಬ್ಬಣಗಳೂ ನಿಂತಿವೆ.

"ಅಕ್ಕಿ ನಡದೈತಿ. ಇಪ್ಪತ್ತು ಸಾವಿರದ್ದು ತಗೊಳ್ಳೋಣು."

"ಎಂಟು ಛಲೋ ಅದಾವಲ್ಲ, ಪೂರಾ ಹಾಕಿಬಿಡೂಣಲ್ಲ?" ಯಮನೂರಮ್ಮನಿಗೆ ತಡೆಯದು. "ಉಳದದ್ದು ಯಾತಕ್ಕ?"

ಹಜರತಬೀ ಬಟ್ಟೆಯ ಮೇಲೆ ಹರಿದಾಡುವ ನುಸಿಯೊಂದನ್ನು ಬೆರಳತುದಿಯಿಂದ ಆಚೆ ಸರಿಸುತ್ತಾರೆ.

"ಆ ರೊಕ್ಕ ಇರ್ಲಿ. ನನ್ನ ಕಣ್ಣು ತಪ್ಪಿದ್ರ ಬೇಕಲ್ಲ."